ಕೊನೆ ಕೊಯ್ಯುವವರ ಹೆಗಲು: ಭುಜದ ಮೇಲ್ಕೀಲು ಬೇರ್ಪಟ್ಟ ಒಂದು ಪ್ರಕರಣ

ಶಿರಸಿ ಸೀಮೆಯಲ್ಲಿ ಮಳೆ ಹಿಡಿದ ಮೂರನೆಯ ದಿನ, ಅಡಿಕೆ ತೋಟದಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೆಲಸ ಮಾಡುವ 38 ವರ್ಷದ ಒಬ್ಬರು ಪೇಟೆಯಲ್ಲಿ ಕೊಂಡ ಮೈಲುತುತ್ತದ ಚೀಲವನ್ನು ಬೈಕಿನ ಹಿಂದಕ್ಕೆ ಕಟ್ಟಿಕೊಂಡು ಊರಿಗೆ ಮರಳುತ್ತಿದ್ದರು. ಇಳಿಜಾರಿನ ತಿರುವೊಂದರಲ್ಲಿ ಕೊಳೆತ ಎಲೆಗಳ ಮೇಲೆ ಮುಂದಿನ ಚಕ್ರ ಜಾರಿತು. ಹ್ಯಾಂಡಲ್ ಬಿಡುವಷ್ಟು ಸಮಯವೂ ಸಿಗದೆ, ಬಲತೋಳು ಮೈಗೆ ಒತ್ತಿಕೊಂಡಿದ್ದಂತೆಯೇ ಅವರು ಬಲಮಗ್ಗುಲಿಗೆ ಉರುಳಿದರು. ರಸ್ತೆಗೆ ಮೊದಲು ತಾಗಿದ್ದು ಭುಜದ ತುದಿ. ಹೆಲ್ಮೆಟ್ ಇದ್ದುದರಿಂದ ತಲೆಗೆ ಏಟಾಗಲಿಲ್ಲ, ಎಚ್ಚರ ತಪ್ಪಲಿಲ್ಲ. ಎದ್ದು ಬೈಕು ಎತ್ತಲು ಹೋದಾಗ ಬಲಗೈ ಏಳಲಿಲ್ಲ, ಮತ್ತು ಅಂಗಿಯ ಕೆಳಗೆ ಹೆಗಲಿನ ಮೇಲ್ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಎದ್ದು ನಿಂತಿರುವುದು ಅವರ ಕೈಗೆ ತಾಗಿತು.

ಆ ಗಂಟಿನ ಕಥೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಮೂಳೆರೋಗ ತಜ್ಞನಾಗಿ ಇಂಥ ಭುಜಗಳನ್ನು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಇದರಲ್ಲಿ ಎಕ್ಸ್‌ರೇ ಒಂದು ಮಾತು ಹೇಳುತ್ತಿತ್ತು, ರೋಗಿಯ ಕಸುಬು ಇನ್ನೊಂದು ಮಾತು ಹೇಳುತ್ತಿತ್ತು, ಎರಡನ್ನೂ ಕೇಳಿಸಿಕೊಂಡು ನಿರ್ಧಾರಕ್ಕೆ ಬರಲು ಆರು ವಾರ ಬೇಕಾಯಿತು. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲ ಐದು ದಿನಗಳು

ಬಿದ್ದ ದಿನವೇ ಅವರು ಹತ್ತಿರದ ಚಿಕಿತ್ಸಾಲಯವೊಂದಕ್ಕೆ ಹೋಗಿದ್ದರು. ಅಲ್ಲಿ ಮಲಗಿಸಿ ಬಲಭುಜದ ಎಕ್ಸ್‌ರೇ ತೆಗೆದು, ‘ಮುರಿತ ಇಲ್ಲ’ ಎಂದು ಹೇಳಿ, ನೋವಿನ ಇಂಜೆಕ್ಷನ್ ಕೊಟ್ಟು ಕಳುಹಿಸಿದ್ದರು. ಮುರಿತ ಇಲ್ಲ ಎಂಬ ಮಾತು ನಿಜವೇ ಆಗಿತ್ತು. ಆದರೆ ಮಲಗಿದಾಗ ತೋಳಿನ ಭಾರ ಭುಜವನ್ನು ಕೆಳಕ್ಕೆ ಎಳೆಯುವುದಿಲ್ಲ, ಹೀಗಾಗಿ ಬೇರ್ಪಟ್ಟ ಕೀಲು ತಾನಾಗಿಯೇ ಹತ್ತಿರ ಬಂದು, ಚಿತ್ರದಲ್ಲಿ ಬಹುಮಟ್ಟಿಗೆ ಸರಿಯಾಗಿರುವಂತೆ ಕಾಣುತ್ತದೆ. ನಿಲ್ಲಿಸಿ ಅಥವಾ ಕೂರಿಸಿ ತೆಗೆದಿದ್ದರೆ ಅಂದೇ ತಿಳಿಯುತ್ತಿತ್ತು.

ಗಂಟು ಇಳಿಯದಿದ್ದಾಗ ಮನೆಯವರು ಎಲುಬು ಕಟ್ಟುವ ನಾಟಿ ವೈದ್ಯರಲ್ಲಿಗೆ ಕರೆದೊಯ್ದರು. ಅವರು ಇದನ್ನು ‘ಭುಜ ತಪ್ಪಿದೆ’ ಎಂದು ತಿಳಿದು ಎರಡು ಬಾರಿ ತೋಳನ್ನು ಎಳೆದರು, ಎಣ್ಣೆ ಹಚ್ಚಿ ಗಂಟನ್ನು ಒತ್ತಿ ಕೂರಿಸಿ ಬಿಗಿಯಾಗಿ ಬಟ್ಟೆ ಕಟ್ಟಿದರು. ಒತ್ತಿದಾಗ ಅದು ಇಳಿಯುತ್ತಿತ್ತು, ಕೈ ತೆಗೆದೊಡನೆ ಮತ್ತೆ ಏಳುತ್ತಿತ್ತು. ಬಟ್ಟೆ ಕಟ್ಟಿದ ಕಡೆ ಚರ್ಮ ಕೆಂಪಾಗಿ ಸುಲಿಯತೊಡಗಿದ ಮೇಲೆ, ಐದನೆಯ ದಿನ, ಅವರು ಎಡಗೈಯಿಂದ ಬಲಮೊಣಕೈಯನ್ನು ಆನಿಸಿ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಜೊತೆಗೆ ಬಂದಿದ್ದ ಅವರ ಅಣ್ಣ ಕುಳಿತುಕೊಳ್ಳುವ ಮೊದಲೇ ಹೇಳಿದ ಮಾತು ಇದು: “ಡಾಕ್ಟ್ರೇ, ಎಲುಬು ಮೇಲೆ ಬಂದುಬಿಟ್ಟಿದೆ. ಆಪರೇಶನ್ ಮಾಡಿಯಾದ್ರೂ ಅದನ್ನ ಕೂರಿಸಿಕೊಡಿ. ಕೊನೆ ಕೊಯ್ಲಿಗೆ ಇವನೇ ಬೇಕು.”

ನಾಟಿ ವೈದ್ಯರ ತಪ್ಪು ಬಹಳ ಹಳೆಯ ತಪ್ಪು ಎಂಬುದನ್ನು ಇಲ್ಲಿ ಹೇಳಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಹಿಪ್ಪಾಕ್ರಟೀಸ್ ಪರಂಪರೆಯ ವೈದ್ಯರು ಇದೇ ಗಾಯವನ್ನು ವಿವರಿಸುತ್ತ, ಹೆಗಲಿನ ತುದಿ ತಗ್ಗಿ ಟೊಳ್ಳಾಗಿ ಕಾಣುವುದರಿಂದ ವೈದ್ಯರೇ ಮೋಸಹೋಗಿ ಇದನ್ನು ಭುಜದ ದೊಡ್ಡ ಕೀಲು ತಪ್ಪಿದ್ದೆಂದು ಭಾವಿಸಿ ಎಳೆಯಲು ಹೊರಡುತ್ತಾರೆ ಎಂದು ಎಚ್ಚರಿಸಿದ್ದರು. ಗಂಟು ಉಳಿದರೂ ತೋಳಿನ ಕೆಲಸಕ್ಕೆ ದೊಡ್ಡ ಅಡ್ಡಿಯಾಗದು ಎಂದೂ ಗಮನಿಸಿದ್ದರು. ರೋಮಿನ ಹೆಸರಾಂತ ವೈದ್ಯ ಗೇಲನ್‌ಗೆ ಕುಸ್ತಿಯ ಅಂಗಳದಲ್ಲಿ ಸ್ವತಃ ಈ ಗಾಯವಾಗಿತ್ತು. ಅಷ್ಟು ಹಿಂದೆಯೇ ಬೇರೆ ಮಾಡಿ ಗುರುತಿಸಿದ ಎರಡು ಗಾಯಗಳನ್ನು ನಾವು ಇಂದಿಗೂ ಒಂದೇ ಹೆಸರಿನಿಂದ ಕರೆಯುತ್ತಿರುವುದರಿಂದ ರೋಗಿಗಳಿಗೆ ವೃಥಾ ನೋವಾಗುತ್ತಿದೆ.

ಎರಡು ಕೀಲು, ಎರಡು ಗಾಯ

ಭುಜ ಎಂದು ನಾವು ಕರೆಯುವ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಕೀಲುಗಳಿವೆ. ತೋಳಿನ ಮೂಳೆಯ ಗುಂಡನೆಯ ತಲೆ, ಬೆನ್ನಿನ ಮೇಲ್ಭಾಗದಲ್ಲಿರುವ ಹಲಗೆಮೂಳೆಯ ತಗ್ಗಿನಲ್ಲಿ ಕುಳಿತಿರುವುದು ದೊಡ್ಡ ಕೀಲು. ಆ ತಲೆ ತಗ್ಗಿನಿಂದ ಹೊರಬಿದ್ದರೆ ಅದನ್ನು ಭುಜ ತಪ್ಪುವುದು ಎನ್ನುತ್ತೇವೆ, ಅದನ್ನು ಎಳೆದು ಕೂರಿಸಲೇಬೇಕು. ಅದರ ಮೇಲೆ, ಹೆಗಲಿನ ತುದಿಯಲ್ಲಿ, ಇನ್ನೊಂದು ಸಣ್ಣ ಕೀಲಿದೆ. ಹಲಗೆಮೂಳೆಯ ಒಂದು ಚಾಚು ಮುಂದೆ ಬಂದು ಭುಜಕ್ಕೆ ಮಾಡಿನಂತೆ ಕವಿದಿರುತ್ತದೆ. ಅದರ ಹೆಸರು ಅಕ್ರೋಮಿಯನ್. ಕಾಲರ್ ಬೋನ್ ಎಂದು ಎಲ್ಲರೂ ಕರೆಯುವ ಕೊರಳೆಲುಬಿನ ಹೊರತುದಿ ಈ ಮಾಡನ್ನು ಸೇರುವ ಜಾಗವೇ ಅಕ್ರೋಮಿಯೋಕ್ಲಾವಿಕ್ಯುಲರ್ ಕೀಲು, ವೈದ್ಯರ ಬಾಯಲ್ಲಿ ಎಸಿ ಜಾಯಿಂಟ್. ನಮ್ಮ ರೋಗಿಯ ಗಾಯ ಇಲ್ಲಿ ಆಗಿತ್ತು. ಈ ಬರಹದಲ್ಲಿ ಇದನ್ನು ಮೇಲ್ಕೀಲು ಎನ್ನುತ್ತೇನೆ.

ಈ ಕೀಲನ್ನು ಹಿಡಿದಿಡುವ ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟುಗಳು, ಎರಡು ಗುಂಪಿನವು. ಕೀಲನ್ನೇ ಸುತ್ತಿ ಕಟ್ಟಿದಂತಿರುವ ಗುಂಪು ಕೊರಳೆಲುಬು ಹಿಂದೆ ಮುಂದೆ ಸರಿಯದಂತೆ ನೋಡಿಕೊಳ್ಳುತ್ತದೆ. ಕೀಲಿನಿಂದ ಸ್ವಲ್ಪ ಒಳಗೆ, ಹಲಗೆಮೂಳೆಯಿಂದಲೇ ಹೊರಟು ಕಾಗೆಯ ಕೊಕ್ಕಿನಂತೆ ಬಾಗಿರುವ ಕೊರಕಾಯ್ಡ್ ಎಂಬ ಇನ್ನೊಂದು ಚಾಚಿನಿಂದ ಕೊರಳೆಲುಬಿನ ತಳಕ್ಕೆ ಕಟ್ಟಿದ ಕೊನಾಯ್ಡ್ ಮತ್ತು ಟ್ರಪಿಜಾಯ್ಡ್ ಎಂಬ ಎರಡು ಗಟ್ಟಿ ಹಗ್ಗಗಳು ಎರಡನೆಯ ಗುಂಪು. ಇಡೀ ತೋಳು ಮತ್ತು ಹಲಗೆಮೂಳೆ ಕೊರಳೆಲುಬಿನಿಂದ ಜೋತುಬಿದ್ದಿರುವುದು ಮುಖ್ಯವಾಗಿ ಈ ಎರಡು ಹಗ್ಗಗಳ ಬಲದಿಂದ. ತೋಳಿಗೂ ಮುಂಡಕ್ಕೂ ಮೂಳೆಯ ಮೂಲಕ ಇರುವ ಸಂಬಂಧ ಇಡೀ ದೇಹದಲ್ಲಿ ಕೊರಳೆಲುಬು ಒಂದೇ. ಉಳಿದುದೆಲ್ಲ ಸ್ನಾಯುಗಳ ಹಿಡಿತ.

ಕೈ ಚಾಚಿ ಬಿದ್ದರೆ ಏಟು ಮಣಿಕಟ್ಟು, ಮೊಣಕೈಗಳ ಮೂಲಕ ಮೇಲೇರುತ್ತದೆ. ಆಗ ಮಣಿಕಟ್ಟೋ ಕೊರಳೆಲುಬೋ ಮುರಿಯಬಹುದು, ದೊಡ್ಡ ಕೀಲು ತಪ್ಪಬಹುದು. ತೋಳು ಮೈಗೆ ಒತ್ತಿಕೊಂಡಿದ್ದು ಭುಜದ ತುದಿಯೇ ನೆಲಕ್ಕೆ ಬಡಿದರೆ ಆಗುವುದು ಬೇರೆ: ಹಲಗೆಮೂಳೆ ತೋಳಿನ ಸಮೇತ ಕೆಳಕ್ಕೆ ತಳ್ಳಲ್ಪಡುತ್ತದೆ, ಕೊರಳೆಲುಬು ಸ್ವಲ್ಪ ದೂರ ಅದರ ಜೊತೆಗೆ ಇಳಿದು ಮೊದಲನೆಯ ಪಕ್ಕೆಲುಬಿಗೆ ತಾಗಿ ನಿಲ್ಲುತ್ತದೆ, ಆಮೇಲೂ ಉಳಿದ ಬಲವನ್ನು ಅಸ್ಥಿರಜ್ಜುಗಳೇ ತಡೆಯಬೇಕು. ಮೊದಲು ಕೀಲಿನ ಸುತ್ತಲಿನ ಕಟ್ಟು, ಅನಂತರ ಕೆಳಗಿನ ಎರಡು ಹಗ್ಗಗಳು, ಕೊನೆಗೆ ಅಲ್ಲಿ ಅಂಟಿಕೊಂಡ ಸ್ನಾಯುಗಳ ಪೊರೆ, ಹೀಗೆ ಏಟಿನ ಬಲಕ್ಕೆ ತಕ್ಕಂತೆ ಒಂದೊಂದಾಗಿ ಹರಿಯುತ್ತವೆ. ಬೈಕು, ಸೈಕಲ್ಲುಗಳಿಂದ ಬಿದ್ದವರಲ್ಲಿಯೂ, ಕಬಡ್ಡಿಯಲ್ಲಿ ಭುಜದ ಮೇಲೆ ಕೆಡವಿಸಿಕೊಂಡವರಲ್ಲಿಯೂ ಈ ಗಾಯ ಕಾಣುವುದು ಇದೇ ಕಾರಣಕ್ಕೆ.

ಅಣ್ಣನವರಿಗೆ ನಾನು ಮೊದಲು ತಿಳಿಸಿದ್ದು ಇದನ್ನೇ. ಗಂಟಾಗಿ ಕಾಣುವ ಕೊರಳೆಲುಬು ಹೆಚ್ಚುಕಡಿಮೆ ತನ್ನ ಜಾಗದಲ್ಲಿಯೇ ಇದೆ. ಕಟ್ಟು ಹರಿದ ತೋಳು ತನ್ನ ಭಾರಕ್ಕೆ ತಾನೇ ಜೋತು ಕೆಳಗಿಳಿದಿದೆ. ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದಾಗ ಗಂಟು ತಾನಾಗಿ ಮಾಯವಾದುದನ್ನು ಅವರ ಕಣ್ಣೆದುರಿಗೇ ತೋರಿಸಿದೆ. ರೋಗಿ ಮನೆಯಿಂದ ಬರುವಾಗ ಎಡಗೈಯಿಂದ ಮೊಣಕೈಯನ್ನು ಎತ್ತಿ ಹಿಡಿದುಕೊಂಡೇ ಬಂದಿದ್ದರು. ಅವರ ದೇಹಕ್ಕೆ ಮದ್ದು ಏನೆಂದು ಆಗಲೇ ಗೊತ್ತಿತ್ತು.

ಪರೀಕ್ಷೆ

ಅಂಗಿ ತೆಗೆಸಿ ಎರಡೂ ಭುಜಗಳನ್ನು ಎದುರಿನಿಂದ ಮತ್ತು ಹಿಂದಿನಿಂದ ಹೋಲಿಸಿ ನೋಡಿದಾಗ ಬಲಹೆಗಲು ಎಡಕ್ಕಿಂತ ತಗ್ಗಿತ್ತು. ಕೊರಳೆಲುಬಿನ ಹೊರತುದಿ ಚರ್ಮದಡಿ ಎದ್ದು ಕಾಣುತ್ತಿತ್ತು. ಆದರೆ ಚರ್ಮ ಬಿಳಿಚಿಕೊಳ್ಳುವಷ್ಟು ಒತ್ತಡ ಇರಲಿಲ್ಲ. ಬೆರಳಿನಿಂದ ಒತ್ತಿದರೆ ಹಾರ್ಮೋನಿಯಂ ಮನೆಯಂತೆ ಇಳಿದು, ಬಿಟ್ಟರೆ ಮೇಲೇಳುತ್ತಿತ್ತು. ಒಂದೇ ಬೆರಳಿನಿಂದ ನೋವಿನ ಜಾಗ ತೋರಿಸಿ ಎಂದಾಗ ಅವರು ಮೇಲ್ಕೀಲಿನ ಮೇಲೆಯೇ ಬೆರಳಿಟ್ಟರು. ದೊಡ್ಡ ಕೀಲು ತಪ್ಪಿದವರಲ್ಲಿ ಭುಜದ ದುಂಡು ಆಕಾರ ಹೋಗಿ ಬದಿ ಚಪ್ಪಟೆಯಾಗಿ ಕಾಣುತ್ತದೆ, ತೋಳನ್ನು ಮೆಲ್ಲಗೆ ತಿರುಗಿಸಲೂ ಬಿಡುವುದಿಲ್ಲ. ಇವರಲ್ಲಿ ದುಂಡು ಹಾಗೆಯೇ ಇತ್ತು, ಮೊಣಕೈಯನ್ನು ಮೈಗೆ ಆನಿಸಿ ಮುಂಗೈಯನ್ನು ಹೊರಕ್ಕೂ ಒಳಕ್ಕೂ ತಿರುಗಿಸಲು ಸಾಧ್ಯವಿತ್ತು.

ಮಣಿಕಟ್ಟಿನ ನಾಡಿ ಸರಿಯಾಗಿತ್ತು. ಬೆರಳುಗಳ ಚಲನೆ, ಭುಜದ ಹೊರಬದಿಯ ಸ್ಪರ್ಶಜ್ಞಾನ ಎರಡೂ ಉಳಿದಿದ್ದವು. ಕೊರಳೆಲುಬಿನ ಒಳತುದಿ, ಪಕ್ಕೆಲುಬುಗಳು, ಕುತ್ತಿಗೆ ಇವನ್ನು ಬೇರೆಬೇರೆಯಾಗಿ ಮುಟ್ಟಿ ನೋಡಿ, ಉಸಿರಾಟವನ್ನೂ ಆಲಿಸಿದೆ. ಭುಜದ ಗಂಟಿನ ಮೇಲೆಯೇ ಎಲ್ಲರ ಗಮನ ನೆಟ್ಟಾಗ, ಅದೇ ಏಟಿಗೆ ಮುರಿದ ಪಕ್ಕೆಲುಬು ಕಣ್ತಪ್ಪಿ ಹೋಗುವುದುಂಟು.

ಎಕ್ಸ್‌ರೇಯನ್ನು ಈ ಬಾರಿ ನಿಲ್ಲಿಸಿ, ತೋಳು ತನ್ನ ಭಾರಕ್ಕೆ ಜೋತಿರುವಂತೆ, ಎರಡೂ ಭುಜಗಳು ಒಂದೇ ಚಿತ್ರದಲ್ಲಿ ಬರುವಂತೆ ತೆಗೆಸಿದೆ. ಇದರ ಜೊತೆಗೆ ಜಾಂಕಾ ನೋಟ ಎಂದು ಕರೆಯುವ ಚಿತ್ರವೂ ಬೇಕಿತ್ತು: ಕಿರಣವನ್ನು 10ರಿಂದ 15 ಡಿಗ್ರಿಯಷ್ಟು ಮೇಲ್ಮುಖವಾಗಿ ಓರೆಮಾಡಿ, ಪ್ರಮಾಣವನ್ನು ಸಾಮಾನ್ಯ ಭುಜದ ಚಿತ್ರದ ಅರ್ಧದಷ್ಟಕ್ಕೆ ಇಳಿಸುತ್ತಾರೆ. ಮೇಲ್ಕೀಲು ತೆಳ್ಳಗಿರುವುದರಿಂದ ಪೂರ್ತಿ ಪ್ರಮಾಣದಲ್ಲಿ ಅದು ಕಪ್ಪಿನಲ್ಲಿ ಕರಗಿಹೋಗುತ್ತದೆ. ಮೂರನೆಯದು ಕಂಕುಳಿನ ದಿಕ್ಕಿನಿಂದ ತೆಗೆಯುವ ಚಿತ್ರ. ಎದುರಿನಿಂದ ಮಾತ್ರ ನೋಡಿದರೆ, ಹಿಂದಕ್ಕೆ ಸರಿದು ಸ್ನಾಯುವಿನೊಳಗೆ ಚುಚ್ಚಿಕೊಂಡ ಕೊರಳೆಲುಬು ಅರಿವಿಗೆ ಬರುವುದಿಲ್ಲ. ಹಾಗೆ ಆಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಹಿಂದೆ ರೋಗಿಯ ಕೈಗಳಿಗೆ ಭಾರ ಕಟ್ಟಿ ಚಿತ್ರ ತೆಗೆಯುವ ರೂಢಿ ಇತ್ತು. ಅದರಿಂದ ನೋವು ಹೆಚ್ಚುತ್ತದೆಯೇ ಹೊರತು ನಿರ್ಧಾರ ಬದಲಾಗುವುದು ಅಪರೂಪ, ಆದ್ದರಿಂದ ನಾನು ಅದನ್ನು ಬಿಟ್ಟಿದ್ದೇನೆ.

ಕೊರಕಾಯ್ಡ್‌ನಿಂದ ಕೊರಳೆಲುಬಿಗೆ ಇರುವ ಅಂತರ ಎಡಭುಜದಲ್ಲಿ 11 ಮಿಲಿಮೀಟರ್, ಬಲಭುಜದಲ್ಲಿ 20 ಮಿಲಿಮೀಟರ್ ಇತ್ತು. ಅಂದರೆ ಶೇಕಡಾ 80ಕ್ಕಿಂತ ಸ್ವಲ್ಪ ಹೆಚ್ಚು ಏರಿಕೆ. ಕಂಕುಳಿನ ಚಿತ್ರದಲ್ಲಿ ಕೊರಳೆಲುಬು ಹಿಂದಕ್ಕೆ ಸರಿದಿರಲಿಲ್ಲ. ಎಲ್ಲಿಯೂ ಮುರಿತ ಇರಲಿಲ್ಲ.

ಮೂರನೆಯ ದರ್ಜೆಯ ಗೊಂದಲ

ಮೇಲ್ಕೀಲಿನ ಗಾಯಗಳನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ 1960ರ ದಶಕದಲ್ಲಿ ಮೂರು ದರ್ಜೆಗಳಿಂದ ಆರಂಭವಾಯಿತು. 1984ರಲ್ಲಿ ಅಮೆರಿಕದ ಮೂಳೆರೋಗ ತಜ್ಞ ರಾಕ್‌ವುಡ್ ಅದನ್ನು ಆರಕ್ಕೆ ವಿಸ್ತರಿಸಿದರು. ಒಂದನೆಯದರಲ್ಲಿ ಕಟ್ಟು ಉಳುಕಿರುತ್ತದೆ ಅಷ್ಟೇ. ಎರಡನೆಯದರಲ್ಲಿ ಕೀಲಿನ ಕಟ್ಟು ಹರಿದಿದ್ದರೂ ಕೆಳಗಿನ ಹಗ್ಗಗಳು ಹಿಡಿದಿರುತ್ತವೆ. ಈ ಎರಡಕ್ಕೂ ಶಸ್ತ್ರಚಿಕಿತ್ಸೆ ಬೇಡ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿದೆ. ನಾಲ್ಕರಲ್ಲಿ ಎಲುಬು ಹಿಂದಕ್ಕೆ ಚುಚ್ಚಿಕೊಂಡಿರುತ್ತದೆ, ಐದರಲ್ಲಿ ಅಂತರ ಶೇಕಡಾ 100ಕ್ಕಿಂತಲೂ ಹೆಚ್ಚಾಗಿ ಏರಿರುತ್ತದೆ, ಆರರಲ್ಲಿ ಕೊರಳೆಲುಬು ಕೊರಕಾಯ್ಡ್‌ನ ಕೆಳಗೆ ಸಿಕ್ಕಿಬಿದ್ದಿರುತ್ತದೆ. ಆರನೆಯದು ತೀರ ವಿರಳ. ಈ ಮೂರಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಅಂತರ ಶೇಕಡಾ 25ರಿಂದ 100ರಷ್ಟು ಏರಿ, ಎರಡೂ ಗುಂಪಿನ ಅಸ್ಥಿರಜ್ಜುಗಳು ಹರಿದಿರುವ ಮೂರನೆಯ ದರ್ಜೆ ಮಾತ್ರ ವಾದಕ್ಕೆ ಕಾರಣವಾಗಿ ಉಳಿದಿದೆ. ನಮ್ಮ ರೋಗಿ ಸರಿಯಾಗಿ ಅದರಲ್ಲಿಯೇ ಬಂದಿದ್ದರು.

ಈಗ ಅವರ ಕೆಲಸದ ಬಗ್ಗೆ ಹೇಳಬೇಕು, ಏಕೆಂದರೆ ಮೂರನೆಯ ದರ್ಜೆಯಲ್ಲಿ ಹಳೆಯ ಪಾಠ ‘ತೋಳನ್ನು ತಲೆಯ ಮೇಲೆತ್ತಿ ದುಡಿಯುವವರಾದರೆ ಶಸ್ತ್ರಚಿಕಿತ್ಸೆ ಮಾಡಿ’ ಎನ್ನುತ್ತದೆ. ಮಳೆಗಾಲದ ಮುಂಚೆ ಮತ್ತು ನಡುವೆ ಕೊಳೆರೋಗ ಬಾರದಂತೆ ಅಡಿಕೆಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮದ್ದು ಹೊಡೆಯುವುದು, ನವೆಂಬರಿನಿಂದ ಬೇಸಗೆಯ ಆರಂಭದವರೆಗೆ ಕೊನೆ ಕೊಯ್ಯುವುದು, ನಡುವೆ ಹೊರೆ ಹೊರುವುದು ಅವರ ವರ್ಷ. ಮರ ಹತ್ತುವುದನ್ನು ಅವರು ಕೆಲವು ವರ್ಷಗಳ ಹಿಂದೆ ಕಡಿಮೆ ಮಾಡಿ, ನೆಲದಿಂದಲೇ ಉದ್ದನೆಯ ದೋಟಿ ಹಿಡಿದು ಕೊಯ್ಯತೊಡಗಿದ್ದರು. ದೋಟಿ ಹಗುರವೆಂದು ಹೇಳಿದರೂ, ಅದನ್ನು ತಲೆಯ ಮೇಲೆ ನೆಟ್ಟಗೆ ಹಿಡಿದು, ಕತ್ತೆತ್ತಿ, ಗೊನೆಯ ಬುಡಕ್ಕೆ ಕತ್ತಿ ತಾಗಿಸಿ ಜಗ್ಗುವಾಗ ಭಾರವೆಲ್ಲ ಬಂದು ಬೀಳುವುದು ಹೆಗಲಿನ ಮೇಲೆ. ಇಂಥ ಕಸುಬಿನವರಿಗಾಗಿಯೇ ಬರೆದಂತಿದೆ ಆ ಹಳೆಯ ಪಾಠ.

ಆದರೂ ನಾನು ಅಂದು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಲಿಲ್ಲ. ಅದಕ್ಕೆ ಎರಡು ಕಾರಣಗಳಿದ್ದವು.

ಮೊದಲನೆಯದು ಪುರಾವೆ. 2015ರಲ್ಲಿ ಕೆನಡಾದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಥ ಹೆಚ್ಚಿನ ದರ್ಜೆಯ ಗಾಯಗಳಿದ್ದ 83 ಜನರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಹುಕ್ ಪ್ಲೇಟ್, ಅಂದರೆ ಅಕ್ರೋಮಿಯನ್ ಕೆಳಗೆ ಕೊಕ್ಕೆ ಸಿಕ್ಕಿಸಿ ಕೊರಳೆಲುಬನ್ನು ಹಿಡಿದಿಡುವ ಲೋಹದ ಪಟ್ಟಿ, ಹಾಕಿ, ಇನ್ನೊಂದಕ್ಕೆ ಸ್ಲಿಂಗ್ ಮತ್ತು ವ್ಯಾಯಾಮ ಮಾತ್ರ ಕೊಟ್ಟು ಎರಡು ವರ್ಷ ಗಮನಿಸಿದ್ದರು. ಎಕ್ಸ್‌ರೇಯಲ್ಲಿ ಶಸ್ತ್ರಚಿಕಿತ್ಸೆಯಾದವರ ಕೀಲು ಚೆನ್ನಾಗಿ ಕಂಡಿತು. ಆದರೆ ಮೊದಲ ಮೂರು ತಿಂಗಳು ತೋಳಿನ ಕೆಲಸ ಉತ್ತಮವಾಗಿದ್ದುದು ಶಸ್ತ್ರಚಿಕಿತ್ಸೆಯಾಗದವರಲ್ಲಿ, ಆಮೇಲೆ ಎರಡೂ ಪಂಗಡಗಳಲ್ಲಿ ವ್ಯತ್ಯಾಸ ಉಳಿಯಲಿಲ್ಲ, ತೊಡಕುಗಳು ಶಸ್ತ್ರಚಿಕಿತ್ಸೆಯಾದವರಲ್ಲಿ ಹೆಚ್ಚಿದ್ದವು. 2018ರಲ್ಲಿ ಎಡಿನ್‌ಬರೋದಿಂದ ಬಂದ, ಇನ್ನೂ ಹೊಸ ವಿಧಾನ ಬಳಸಿದ 60 ಜನರ ಅಧ್ಯಯನವೂ ಒಂದು ವರ್ಷದ ಕೊನೆಗೆ ತೋಳಿನ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದವರಲ್ಲಿ ಕೆಲವರಿಗೆ ತಡವಾಗಿ ಅದು ಬೇಕಾಯಿತು ಎಂಬುದೂ ನಿಜ. ಯಾರಿಗೆ ಬೇಕಾಗುತ್ತದೆ ಎಂದು ಮೊದಲ ದಿನವೇ ಎಕ್ಸ್‌ರೇ ನೋಡಿ ಹೇಳಲಾಗದಿರುವುದೇ ತೊಂದರೆ. ಈ ತೊಂದರೆಯನ್ನು ಗಮನಿಸಿಯೇ, ಈ ಎರಡು ಅಧ್ಯಯನಗಳಿಗೂ ಮೊದಲು, 2014ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಮಿತಿಯೊಂದು, ಮೂರನೆಯ ದರ್ಜೆಯವರನ್ನು ಮೊದಲು ಶಸ್ತ್ರಚಿಕಿತ್ಸೆಯಿಲ್ಲದೆ ನೋಡಿಕೊಂಡು, ಮೂರರಿಂದ ಆರು ವಾರಗಳ ಬಳಿಕ ಮತ್ತೆ ಪರೀಕ್ಷಿಸಿ, ಸ್ಥಿರವಾದವರು ಮತ್ತು ಅಸ್ಥಿರವಾಗಿ ಉಳಿದವರು ಎಂದು ಎರಡು ಒಳದರ್ಜೆ ಮಾಡಬೇಕೆಂದು ಸೂಚಿಸಿತು.

ಎರಡನೆಯ ಕಾರಣ ನನ್ನದೇ ನೆನಪು. ವೃತ್ತಿಯ ಮೊದಲ ವರ್ಷಗಳಲ್ಲಿ, ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಇದೇ ದರ್ಜೆಯ ಗಾಯಕ್ಕೆ ವಾರದೊಳಗೆ ಹುಕ್ ಪ್ಲೇಟ್ ಹಾಕಿದ್ದೆ. ಚಿತ್ರ ಸುಂದರವಾಗಿ ಬಂತು. ಆದರೆ ಗಾಯ ಕೀವಾಯಿತು, ಪ್ಲೇಟಿನ ಕೊಕ್ಕೆ ಅಕ್ರೋಮಿಯನ್ ಕೆಳಗೆ ಉಜ್ಜುತ್ತ ಅವರಿಗೆ ರಾತ್ರಿ ನಿದ್ರೆ ಬಾರದಂತಾಯಿತು, ನಾಲ್ಕನೆಯ ತಿಂಗಳಿಗೆ ಎರಡನೆಯ ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು ತೆಗೆದೆ, ಗಂಟು ಅರ್ಧಭಾಗ ಮರಳಿ ಬಂತು. ಅವರು ನನ್ನನ್ನು ದೂರಲಿಲ್ಲ. ನಾನು ಅಂದು ಅವರ ತೋಳನ್ನು ಬಿಟ್ಟು ಚಿತ್ರಕ್ಕೆ ಚಿಕಿತ್ಸೆ ಮಾಡಿದ್ದೆ ಎಂಬುದು ನನಗೆ ಗೊತ್ತು.

ಈ ಎರಡನ್ನೂ ರೋಗಿಗೆ ಮತ್ತು ಅವರ ಅಣ್ಣನಿಗೆ ತಿಳಿಸಿ, ಕೊಯ್ಲಿಗೆ ಉಳಿದಿರುವ ಐದು ತಿಂಗಳ ಲೆಕ್ಕ ಹಾಕಿದೆವು. ಇಂದೇ ಶಸ್ತ್ರಚಿಕಿತ್ಸೆ ಮಾಡಿದರೆ ಭಾರದ ಕೆಲಸಕ್ಕೆ ಸುಮಾರು ನಾಲ್ಕರಿಂದ ಆರು ತಿಂಗಳು, ಅಂದರೆ ಕೊಯ್ಲಿನ ಆರಂಭ ಕೈತಪ್ಪಬಹುದು. ಶಸ್ತ್ರಚಿಕಿತ್ಸೆ ಇಲ್ಲದೆ ಚೆನ್ನಾಗಿ ಗುಣವಾದರೆ ಸುಮಾರು ಮೂರು ತಿಂಗಳು. ಆರು ವಾರ ಕಾದು ಆಮೇಲೆ ಶಸ್ತ್ರಚಿಕಿತ್ಸೆ ಬೇಕಾದರೆ ಈ ವರ್ಷದ ಕೊಯ್ಲು ಹೋದಂತೆಯೇ, ಮತ್ತು ಹರಿದ ಹಗ್ಗಗಳು ಅಷ್ಟರಲ್ಲಿ ಕೂಡುವ ಶಕ್ತಿ ಕಳೆದುಕೊಳ್ಳುವುದರಿಂದ ತೊಡೆಯ ಸ್ನಾಯುವಿನ ನಾರು ತೆಗೆದು ಕಸಿ ಮಾಡಬೇಕಾದೀತು. ಮದ್ದು ಹೊಡೆಯುವ ಈ ಮಳೆಗಾಲದ ಕೆಲಸವಂತೂ ಯಾವ ದಾರಿಯಲ್ಲಿ ಹೋದರೂ ಇಲ್ಲ. ಗಂಟು ಉಳಿಯುತ್ತದೆ ಎಂಬುದನ್ನು ಮೂರು ಬಾರಿ ಹೇಳಿದೆ. ರೋಗಿ ಸುಮ್ಮನೆ ಕೇಳಿಸಿಕೊಂಡು, “ಗಂಟು ಇದ್ರೆ ಇರ್ಲಿ ಡಾಕ್ಟ್ರೇ, ಕೈ ಮೇಲೆ ಹೋಗ್ಬೇಕು” ಎಂದರು. ಕಾಯುವ ದಾರಿಯನ್ನು ಆರಿಸಿದ್ದು ಅವರು.

ಆರು ವಾರಗಳು

ಸ್ಲಿಂಗಿನಲ್ಲಿ ಮೊಣಕೈಗೆ ಚೆನ್ನಾಗಿ ಆಸರೆ ಸಿಗುವಂತೆ ಕಟ್ಟಿ, ಗಂಟನ್ನು ಒತ್ತಿ ಹಿಡಿಯುವ ಯಾವ ಪಟ್ಟಿಯೂ ಬೇಡವೆಂದು ಹೇಳಿದೆ. ಹೆಗಲನ್ನು ಕೆಳಕ್ಕೂ ಮೊಣಕೈಯನ್ನು ಮೇಲಕ್ಕೂ ಒತ್ತುವ ಪಟ್ಟಿಗಳನ್ನು ಹಿಂದೆ ಬಳಸುತ್ತಿದ್ದರು. ಚರ್ಮ ಹುಣ್ಣಾಗುವುದಲ್ಲದೆ ಅವುಗಳಿಂದ ಕೀಲು ತನ್ನ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ನೋವಿಗೆ ಪ್ಯಾರಸಿಟಮಾಲ್, ಮೊದಲ ವಾರ ಅದರೊಂದಿಗೆ ಇನ್ನೊಂದು ನೋವಿನ ಮಾತ್ರೆ, ದಿನಕ್ಕೆ ಕೆಲವು ಬಾರಿ ತಣ್ಣೀರು ಬಟ್ಟೆ. ಮಲಗುವಾಗ ತೋಳಿನ ಕೆಳಗೆ ಮಡಿಸಿದ ಕಂಬಳಿ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬೇಕು.

ಹತ್ತನೆಯ ದಿನದಿಂದ, ಮುಂದಕ್ಕೆ ಬಾಗಿ ತೋಳನ್ನು ಲೋಲಕದಂತೆ ತೂಗಾಡಿಸುವ ವ್ಯಾಯಾಮ ಆರಂಭವಾಯಿತು. ಮೂರನೆಯ ವಾರದ ಕೊನೆಗೆ ಸ್ಲಿಂಗ್ ತೆಗೆದಾಗ ಅವರು ತೋಳನ್ನು ಭುಜದ ಮಟ್ಟದವರೆಗೆ ತಾವೇ ಎತ್ತುತ್ತಿದ್ದರು. ಎಲ್ಲವೂ ಸುಗಮವಾಗಿದೆ ಎಂದು ನನಗೆ ಅನ್ನಿಸಿತ್ತು.

ಐದನೆಯ ವಾರದಲ್ಲಿ ಅವರು ಬೇರೆ ದೂರು ಹೇಳಿದರು. ಗಂಟಿನ ಜಾಗದಲ್ಲಿ ನೋವು ಬಹುಮಟ್ಟಿಗೆ ಹೋಗಿತ್ತು. ಆದರೆ ಕತ್ತಿನಿಂದ ಬೆನ್ನಿನ ಬಲಭಾಗದವರೆಗೆ ಸಂಜೆಯ ಹೊತ್ತಿಗೆ ಸೆಳೆತ, ತೋಳು ಎತ್ತುವಾಗ ದಣಿವು. ಹಿಂದಿನಿಂದ ನೋಡಿದಾಗ ಕಾರಣ ತಿಳಿಯಿತು. ಎರಡೂ ತೋಳುಗಳನ್ನು ನಿಧಾನವಾಗಿ ಎತ್ತಿ ಇಳಿಸಿದಾಗ ಬಲಹಲಗೆಮೂಳೆಯ ಒಳ ಅಂಚು ಪಕ್ಕೆಲುಬಿನಿಂದ ಬಿಟ್ಟು ರೆಕ್ಕೆಯಂತೆ ಹೊರಚಾಚುತ್ತಿತ್ತು. ಕೊರಳೆಲುಬೆಂಬ ಆನಿಕೆ ಕಳಚಿದ ಹಲಗೆಮೂಳೆ ಮುಂದಕ್ಕೂ ಕೆಳಕ್ಕೂ ವಾಲುತ್ತದೆ, ಅದನ್ನು ಹಿಡಿದಿಡಬೇಕಾದ ಸ್ನಾಯುಗಳು ನೋವಿನ ವಾರಗಳಲ್ಲಿ ಸೊರಗಿರುತ್ತವೆ. ಮೂರನೆಯ ದರ್ಜೆಯವರಲ್ಲಿ ತೋಳಿನ ಕೆಲಸ ಕೆಡುವುದು ಗಂಟಿನಿಂದಲ್ಲ, ಬಹುತೇಕ ಈ ಹಲಗೆಮೂಳೆಯ ಹದ ತಪ್ಪಿದ ಚಲನೆಯಿಂದ. ಇದು ಸರಿಹೋಗದಿದ್ದರೆ ಅವರು ಅಸ್ಥಿರವಾದವರ ಸಾಲಿಗೆ ಸೇರುತ್ತಿದ್ದರು ಮತ್ತು ನಾನು ಶಸ್ತ್ರಚಿಕಿತ್ಸೆಯ ಮಾತು ಎತ್ತಬೇಕಾಗುತ್ತಿತ್ತು.

ಫಿಸಿಯೋಥೆರಪಿಸ್ಟರು ಇರುವ ಊರಿಗೂ ಅವರ ಮನೆಗೂ ಒಂದೂವರೆ ಗಂಟೆಯ ಬಸ್ ದಾರಿ. ಮಳೆಗಾಲದಲ್ಲಿ ವಾರಕ್ಕೆ ಮೂರು ಬಾರಿ ಬನ್ನಿ ಎನ್ನುವುದು ಬರಬೇಡಿ ಎಂದಂತೆಯೇ. ಫಿಸಿಯೋಥೆರಪಿಸ್ಟರು ಅರ್ಧ ದಿನ ಕೂರಿಸಿಕೊಂಡು ಮನೆಯಲ್ಲಿಯೇ ಮಾಡಬಹುದಾದ ಕ್ರಮವನ್ನು ಕಲಿಸಿದರು. ಬಾವಿಯ ಹಳೆಯ ರಾಟೆಯನ್ನು ಜಗಲಿಯ ತೊಲೆಗೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಎಡಗೈ ಎಳೆಯುವಾಗ ಇನ್ನೊಂದು ತುದಿ ಹಿಡಿದ ಬಲಗೈ ಮೇಲೇರುವಂತೆ ಮಾಡಿದರು. ಸೈಕಲ್ ಟ್ಯೂಬಿನ ತುಂಡನ್ನು ಕಂಬಕ್ಕೆ ಸುತ್ತಿ ಎರಡೂ ಮೊಣಕೈಗಳನ್ನು ಹಿಂದಕ್ಕೆ ಎಳೆಯುವುದು, ಗೋಡೆಗೆ ಅಂಗೈ ಊರಿ ಬೆನ್ನಿನ ಮೇಲ್ಭಾಗವನ್ನು ಮಾತ್ರ ಹಿಂದಕ್ಕೆ ತಳ್ಳುವುದು, ಭುಜದ ಹಲಗೆಗಳನ್ನು ಹಿಂದಕ್ಕೂ ಕೆಳಕ್ಕೂ ಒಟ್ಟಿ ಹತ್ತು ಎಣಿಸುವುದು. ದಿನಕ್ಕೆ ಮೂರು ಬಾರಿ. ಲೆಕ್ಕ ಇಡುವ ಹೊಣೆಯನ್ನು ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳು ವಹಿಸಿಕೊಂಡಳು. ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತುಂಬಿದ ಪಟ್ಟಿಯನ್ನು ಅವರು ಪ್ರತಿ ಭೇಟಿಗೂ ತಂದು ತೋರಿಸುತ್ತಿದ್ದರು. ಬಿಟ್ಟ ದಿನಗಳು ತೀರ ಕಡಿಮೆ.

ಆರನೆಯ ವಾರದ ಎಕ್ಸ್‌ರೇಯನ್ನು ಬಲಗೈ ಎದೆಯ ಅಡ್ಡಲಾಗಿ ಎಡಭುಜದ ಕಡೆಗೆ ಚಾಚಿರುವಂತೆ ತೆಗೆಸಿದೆ. ಅಸ್ಥಿರವಾದ ಕೀಲಿನಲ್ಲಿ ಹೀಗೆ ಚಾಚಿದಾಗ ಕೊರಳೆಲುಬು ಅಕ್ರೋಮಿಯನ್‌ನ ಮೇಲೆ ಏರಿ ಕೂರುತ್ತದೆ. ಇವರಲ್ಲಿ ಎಲುಬು ಮೇಲಕ್ಕೆದ್ದೇ ಇದ್ದರೂ ಅಕ್ರೋಮಿಯನ್ ಮೇಲೆ ಏರಲಿಲ್ಲ. ಹಲಗೆಮೂಳೆಯ ಚಲನೆ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ, ಆದರೆ ಹಿಂದಿನ ವಾರಕ್ಕಿಂತ ಖಂಡಿತವಾಗಿ ಸುಧಾರಿಸಿತ್ತು. ತೋಳಿನ ಅಡಚಣೆಯನ್ನು ಸೊನ್ನೆಯಿಂದ ನೂರರವರೆಗೆ ಅಳೆಯುವ ಡ್ಯಾಶ್ ಪ್ರಶ್ನಾವಳಿಯಲ್ಲಿ ಅಂಕ 41 ಬಂತು. ಈ ಅಳತೆಯಲ್ಲಿ ಕಡಿಮೆ ಅಂಕವೇ ಒಳ್ಳೆಯದು. ಶಸ್ತ್ರಚಿಕಿತ್ಸೆ ಬೇಡ, ವ್ಯಾಯಾಮ ಮುಂದುವರಿಸೋಣ ಎಂದು ಅಂದು ನಿರ್ಧರಿಸಿದೆವು.

ಆಮೇಲೆ

ಮೂರು ತಿಂಗಳಿಗೆ ತೋಳು ತಲೆಯ ಮೇಲೆ ಪೂರ್ತಿ ಏರುತ್ತಿತ್ತು, ಡ್ಯಾಶ್ ಅಂಕ 17. ಅಲ್ಲಿಂದ ಭಾರವನ್ನು ಹಂತಹಂತವಾಗಿ ಏರಿಸಿದೆವು: ಮೊದಲು ಅರ್ಧ ಕೊಡ ನೀರು, ಆಮೇಲೆ ಪೂರ್ತಿ ಕೊಡ, ಸೆಪ್ಟೆಂಬರ್ ಕೊನೆಗೆ ಅಂಗಳದಲ್ಲಿ ನಿಂತು ಬರಿಯ ದೋಟಿಯನ್ನು ಮೇಲೆತ್ತಿ ಹಿಡಿಯುವುದು, ಅನಂತರ ಅದನ್ನು ಕೊಂಬೆಗೆ ಸಿಕ್ಕಿಸಿ ಜಗ್ಗುವುದು. ಮರ ಹತ್ತುವುದನ್ನು ಈ ಕೊಯ್ಲಿಗೆ ಬೇಡವೆಂದೆ. ಕೈಗಳ ಮೇಲೆ ಇಡೀ ಮೈಭಾರ ಬೀಳುವ ಕೆಲಸದಲ್ಲಿ ಒಂದು ಕ್ಷಣ ಹಿಡಿತ ತಪ್ಪಿದರೂ ಆಗುವ ಅನಾಹುತ ಭುಜಕ್ಕೆ ಮಾತ್ರ ಸೀಮಿತವಾಗದು. ಒಪ್ಪಿದರು. ನವೆಂಬರ್ ಮೂರನೆಯ ವಾರದಲ್ಲಿ ಕೊನೆ ಕೊಯ್ಲಿಗೆ ಇಳಿದರು, ಮೊದಲ ಹದಿನೈದು ದಿನ ಅರ್ಧ ದಿನದ ಕೆಲಸ.

ಈ ಗಾಯದಲ್ಲಿ ಮುಂದೆ ಆಗಬಹುದಾದ ತೊಂದರೆಗಳನ್ನೂ ಅವರಿಗೆ ಹೇಳಿದ್ದೇನೆ. ಕೆಲವರಲ್ಲಿ ವರ್ಷಗಳ ಬಳಿಕ ಮೇಲ್ಕೀಲು ಸವೆದು ನೋವು ಮರಳಬಹುದು, ವಿಶೇಷವಾಗಿ ಕೈಯನ್ನು ಎದೆಗೆ ಅಡ್ಡ ತಂದಾಗ. ಕೊರಳೆಲುಬಿನ ತುದಿಯ ಮೂಳೆ ಸಣ್ಣಗೆ ಕರಗುವುದೂ ಉಂಟು. ಇಂಥ ನೋವು ಇಂಜೆಕ್ಷನ್, ಔಷಧಗಳಿಗೆ ಬಗ್ಗದಿದ್ದರೆ ಆಗ ಮಾಡಬಹುದಾದ ಶಸ್ತ್ರಚಿಕಿತ್ಸೆಗಳಿವೆ, ಬಾಗಿಲು ಮುಚ್ಚಿಲ್ಲ. ಕೈ ಜೋಮು ಹಿಡಿಯುವುದು, ಬೆರಳುಗಳ ಬಲ ಕುಂದುವುದು, ಗಂಟಿನ ಮೇಲಿನ ಚರ್ಮ ಬಿಳಿಚುವುದು ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಬರಬೇಕೆಂದು ಮೊದಲ ದಿನವೇ ತಿಳಿಸಿದ್ದೆ, ಯಾವುದೂ ಬರಲಿಲ್ಲ.

ಒಂದು ವರ್ಷದ ಭೇಟಿಗೆ ಅವರು ಬಂದದ್ದು ಮತ್ತೆ ಜೂನ್ ತಿಂಗಳಲ್ಲಿ, ಮದ್ದು ಹೊಡೆಯುವ ಕೆಲಸದ ನಡುವೆ ಬಿಡುವು ಮಾಡಿಕೊಂಡು. ಉಗುರುಗಳಲ್ಲಿ ಮೈಲುತುತ್ತದ ನೀಲಿ ಇತ್ತು. ಡ್ಯಾಶ್ ಅಂಕ 6. ಎಕ್ಸ್‌ರೇಯಲ್ಲಿ ಅಂತರ 19 ಮಿಲಿಮೀಟರ್, ಅಂದರೆ ಗಂಟು ಹೆಚ್ಚುಕಡಿಮೆ ಅಲ್ಲಿಯೇ ಇದೆ. ಹರಿದ ಹಗ್ಗಗಳಿದ್ದ ಜಾಗದಲ್ಲಿ ಸುಣ್ಣ ಕಟ್ಟಿದ ಬಿಳಿ ಗೆರೆಗಳು ಕಾಣುತ್ತವೆ, ಅವು ಈ ಗಾಯದ ಬಳಿಕ ಸಾಮಾನ್ಯವಾಗಿ ಕಾಣುವಂಥವು, ತೊಂದರೆ ಕೊಡುವುದಿಲ್ಲ. ಹೊರೆಯನ್ನು ನೇರವಾಗಿ ಬಲಹೆಗಲಿನ ಮೇಲೆ ಇಟ್ಟರೆ ಎಲುಬಿನ ತುದಿ ಒತ್ತಿ ನೋವಾಗುತ್ತದೆ, ಆದ್ದರಿಂದ ಅಡಿಕೆ ಗೊನೆಗಳ ಹೊರೆಯನ್ನು ಈಗ ಎಡಹೆಗಲಿಗೆ ಬದಲಾಯಿಸಿಕೊಂಡಿದ್ದಾರೆ. ಬಲಗೈಯನ್ನು ತಲೆಯ ಮೇಲೆ ಚಾಚಿ, ಕಿವಿಗೆ ತಾಗಿಸಿ, ಹಾಗೆಯೇ ಹಿಡಿದು ನಿಲ್ಲಿ ಎಂದೆ. ನಾನು ಸಾಕು ಎನ್ನುವವರೆಗೆ ನಿಂತಿದ್ದರು.